ಚಿಗಟದಿಂದ ಬರುವ ಟೈಫಸ್ ಜ್ವರ: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂರಿನ್ ಟೈಫಸ್ ಅಂತ ಒಂದು ಜ್ವರವಿದೆ. ಚಿಗಟಗಳಿಂದ ಬರುತ್ತದೆ. ಅಮೆರಿಕದಲ್ಲಿ ಇದು ಅಜ್ಜನ ಕಾಲದ ಕಾಯಿಲೆ, ಈಗ ಬರುವುದೇ ಅಪರೂಪ ಅಂತ ಬಹಳ ವರ್ಷ ಅಂದುಕೊಂಡಿದ್ದರು. ಈಗ ಟೆಕ್ಸಾಸ್‌ನಲ್ಲೂ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೂ ಮತ್ತೆ ಜನ ಇದರಿಂದ ಆಸ್ಪತ್ರೆ ಸೇರುತ್ತಿದ್ದಾರೆ.

ಇದರ ಔಷಧ ಹಳೆಯದು, ಅಗ್ಗದ್ದು, ಚೆನ್ನಾಗಿ ಕೆಲಸ ಮಾಡುವಂಥದ್ದು. ತೊಡಕು ಇರುವುದು ಗುರುತು ಹಿಡಿಯುವುದರಲ್ಲಿ. ಪರೀಕ್ಷೆಯ ಉತ್ತರ ಕೈಗೆ ಸಿಗುವ ಹೊತ್ತಿಗೆ ಔಷಧ ಶುರು ಮಾಡಬೇಕಾದ ಹೊತ್ತು ಮೀರಿರುತ್ತದೆ. ಹಾಗಾಗಿ ರೋಗಿ ತಾನಾಗಿ ಹೇಳುವ ಒಂದು ಮಾತಿಗೆ, ಡಾಕ್ಟರಿಗೆ ಬರುವ ಒಂದು ಅನುಮಾನಕ್ಕೆ ಇಲ್ಲಿ ಬಹಳ ಬೆಲೆ ಇದೆ. ಕೆಳಗಿನ ಉತ್ತರಗಳನ್ನು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಟೈಫಸ್ ಅಂದರೆ ಟೈಫಾಯ್ಡೇ ಅಲ್ವಾ?

ಅಲ್ಲ. ಎರಡೂ ಬೇರೆ ಬೇರೆ. ಟೈಫಾಯ್ಡ್ ಬರುವುದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ, ಕೆಟ್ಟ ನೀರು ಮತ್ತು ಆಹಾರದ ಮೂಲಕ. ಮ್ಯೂರಿನ್ ಟೈಫಸ್ ಬರುವುದು ರಿಕೆಟ್ಸಿಯಾ ಟೈಫಿ ಎಂಬ ಬ್ಯಾಕ್ಟೀರಿಯಾದಿಂದ, ಚಿಗಟಗಳ ಮೂಲಕ. ಔಷಧವೂ ಬೇರೆ. ಟೈಫಾಯ್ಡ್‌ಗೆ ಕೊಡುವ ಎಷ್ಟೋ ಆಂಟಿಬಯೋಟಿಕ್‌ಗಳು ಇದಕ್ಕೆ ತಾಗುವುದೇ ಇಲ್ಲ.

ಟೈಫಸ್ ಎಂಬ ಹೆಸರಿನಲ್ಲೇ ಇನ್ನೂ ಎರಡು ಜ್ವರಗಳಿವೆ. ಹೇನಿನಿಂದ ಹರಡುವ ಟೈಫಸ್ ಯುದ್ಧ, ಬರಗಾಲ, ಜೈಲುಗಳಲ್ಲಿ ಲಕ್ಷಾಂತರ ಜನರನ್ನು ಕೊಂದ ರೋಗ. ಸ್ಕ್ರಬ್ ಟೈಫಸ್ ಪೊದೆ, ಹುಲ್ಲುಗಳಲ್ಲಿರುವ ನುಸಿಯ ಮರಿಗಳಿಂದ ಬರುತ್ತದೆ. ಅದರಲ್ಲಿ ಕಚ್ಚಿದ ಜಾಗದಲ್ಲಿ ಹಲವರಿಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಾಣುತ್ತದೆ. ಚಿಗಟದ ಟೈಫಸ್‌ನಲ್ಲಿ ಸಾಮಾನ್ಯವಾಗಿ ಅಂಥ ಗುರುತು ಸಿಗುವುದಿಲ್ಲ.

ಚಿಗಟ ಕಚ್ಚಿದರೆ ಜ್ವರ ಬಂದೇ ಬರುತ್ತಾ?

ಇಲ್ಲ. ಮೊದಲು ಆ ಚಿಗಟದಲ್ಲಿ ಬ್ಯಾಕ್ಟೀರಿಯಾ ಇರಬೇಕು. ಬಹಳಷ್ಟು ಚಿಗಟಗಳಲ್ಲಿ ಇರುವುದಿಲ್ಲ. ಇದ್ದರೂ ಸೋಂಕು ತಗುಲುವ ದಾರಿ ನಾವು ಅಂದುಕೊಂಡ ಹಾಗಿಲ್ಲ. ಸೊಳ್ಳೆ ಮಲೇರಿಯಾ ಹರಡುವಾಗ ರೋಗ ಅದರ ಎಂಜಲಿನಲ್ಲಿರುತ್ತದೆ. ಇಲ್ಲಿ ರೋಗ ಇರುವುದು ಮುಖ್ಯವಾಗಿ ಚಿಗಟದ ಹಿಕ್ಕೆಯಲ್ಲಿ.

ಸೋಂಕಿರುವ ಇಲಿಯ ರಕ್ತ ಕುಡಿದ ಚಿಗಟದ ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆದು, ಹಿಕ್ಕೆಯ ಜೊತೆ ಹೊರಗೆ ಬರುತ್ತದೆ. ಚಿಗಟ ಮಾತ್ರ ಇದರಿಂದ ಸಾಯುವುದಿಲ್ಲ. ಬದುಕಿರುವವರೆಗೂ ಸೋಂಕು ಹೊತ್ತೇ ಓಡಾಡುತ್ತದೆ. ಚಿಗಟಕ್ಕೆ ಒಂದು ಅಭ್ಯಾಸವಿದೆ, ರಕ್ತ ಕುಡಿಯುತ್ತಲೇ ಅಲ್ಲೇ ಹಿಕ್ಕೆ ಹಾಕುತ್ತದೆ. ಕಚ್ಚಿದ ಜಾಗ ತುರಿಸುತ್ತದೆ. ನಾವು ಕೆರೆದುಕೊಳ್ಳುತ್ತೇವೆ. ಉಗುರಿನಿಂದ ಗೀರಿದ ಚರ್ಮದೊಳಕ್ಕೆ ಆ ಹಿಕ್ಕೆಯನ್ನು ನಾವೇ ಉಜ್ಜಿಕೊಂಡ ಹಾಗಾಗುತ್ತದೆ. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೂ ಸೋಂಕು ಒಳಗೆ ಹೋಗಬಹುದು. ಒಣಗಿ ಪುಡಿಯಾದ ಹಿಕ್ಕೆ ಧೂಳಿನ ಜೊತೆ ಉಸಿರಿಗೆ ಸೇರಿದರೂ ಆಗಬಹುದು. ಒಣಗಿದ ಮೇಲೂ ಈ ಬ್ಯಾಕ್ಟೀರಿಯಾ ಬಹಳ ಕಾಲ ಬದುಕಿರುತ್ತದೆ. ಹಳೇ ಗೋದಾಮು, ಅಟ್ಟ, ಇಲಿ ಗೂಡು ಕಟ್ಟಿದ ಶೆಡ್ ಇವುಗಳನ್ನು ಒಣಗಿದ ಹಾಗೇ ಗುಡಿಸಬಾರದು ಅನ್ನುವುದು ಅದಕ್ಕೇ.

ನಮ್ಮ ಮನೆಯಲ್ಲಿ ಇಲಿಯೇ ಇಲ್ಲ. ಆದರೂ ಬರಬಹುದಾ?

ಬರಬಹುದು. ಇದು ಇತ್ತೀಚಿನ ವರ್ಷಗಳಲ್ಲಿ ಚೆನ್ನಾಗಿ ಅರ್ಥವಾದ ಸಂಗತಿ, ಇನ್ನೂ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೂ ಹೌದು.

ಪುಸ್ತಕಗಳಲ್ಲಿ ಓದುವ ಹಳೇ ಸರಪಳಿ ಹೀಗಿದೆ: ಇಲಿ, ಇಲಿ ಚಿಗಟ, ಮನುಷ್ಯ. ಬಂದರು, ಧಾನ್ಯದ ಗೋದಾಮು, ಪೇಟೆ ಬೀದಿಗಳಲ್ಲಿ ರೋಗ ಹರಡುತ್ತಿದ್ದದ್ದು ಹೀಗೆ. ಜಗತ್ತಿನ ಎಷ್ಟೋ ಕಡೆ ಈಗಲೂ ಹೀಗೇ. ಆದರೆ ಟೆಕ್ಸಾಸ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದ ಬಡಾವಣೆಗಳಲ್ಲಿ ಇನ್ನೊಂದು ಸರಪಳಿ ಬೆಳೆದಿದೆ. ಅಲ್ಲಿ ಇಲಿಯ ಜಾಗದಲ್ಲಿ ಒಪಾಸಮ್ ಇದೆ, ಇಲಿ ಚಿಗಟದ ಜಾಗದಲ್ಲಿ ಬೆಕ್ಕಿನ ಚಿಗಟ ಇದೆ.

ಒಪಾಸಮ್ ಅಂದರೆ ಬೆಕ್ಕಿನಷ್ಟು ಗಾತ್ರದ, ಹೊಟ್ಟೆಚೀಲದಲ್ಲಿ ಮರಿ ಸಾಕುವ, ರಾತ್ರಿ ಹೊತ್ತು ಓಡಾಡುವ ಪ್ರಾಣಿ. ಮನೆಯ ನೆಲದಡಿಯ ಸಂದಿ, ಸೌದೆ ರಾಶಿ, ಪೊದೆ ಎಲ್ಲಾದರೂ ಇದ್ದುಬಿಡುತ್ತದೆ. ಬ್ಯಾಕ್ಟೀರಿಯಾ ಹೊಕ್ಕರೂ ಹೆಚ್ಚಾಗಿ ಅದಕ್ಕೆ ಕಾಯಿಲೆ ಬೀಳುವ ಲಕ್ಷಣವಿಲ್ಲ. ಮೈತುಂಬಾ ಚಿಗಟ ಹೊತ್ತು ಹಿತ್ತಲಿಂದ ಹಿತ್ತಲಿಗೆ ಹೋಗುತ್ತಿರುತ್ತದೆ. ಇನ್ನು ಬೆಕ್ಕಿನ ಚಿಗಟಕ್ಕೆ ಹೆಸರು ಮಾತ್ರ ಬೆಕ್ಕಿನದು. ನಾಯಿ, ಒಪಾಸಮ್, ಮನುಷ್ಯ ಯಾರ ರಕ್ತವಾದರೂ ಅದಕ್ಕೆ ಆಗುತ್ತದೆ. ರಾತ್ರಿ ಹಿತ್ತಲಿಗೆ ಬಂದ ಒಪಾಸಮ್ ಬಿಟ್ಟುಹೋದ ಚಿಗಟ ಬೆಳಿಗ್ಗೆ ನಿಮ್ಮ ನಾಯಿಯ ಮೈಗೆ ಹಾರುತ್ತದೆ, ಅಲ್ಲಿಂದ ಸೋಫಾಕ್ಕೆ, ಹಾಸಿಗೆಗೆ. ಇಡೀ ದಾರಿಯಲ್ಲಿ ಇಲಿ ಬರುವುದೇ ಇಲ್ಲ.

ಮುಗಿಯಿತು ಅಂದುಕೊಂಡಿದ್ದ ರೋಗ ಮತ್ತೆ ಹೇಗೆ ಬಂತು?

ಇದರ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು.

1920ರ ದಶಕದಲ್ಲಿ ಅಮೆರಿಕದ ದಕ್ಷಿಣದ ಊರುಗಳಲ್ಲಿ ಟೈಫಸ್‌ನಂಥ ಜ್ವರ ಕಾಣುತ್ತಿತ್ತು. ಆದರೆ ಆ ರೋಗಿಗಳ ಮೈಮೇಲೆ ಹೇನು ಇರಲಿಲ್ಲ. ಕೆನೆತ್ ಮ್ಯಾಕ್ಸಿ ಎಂಬ ಸರ್ಕಾರಿ ವೈದ್ಯರು ಅಲಬಾಮಾದ ಮಾಂಟ್ಗೊಮರಿ ನಗರದಲ್ಲಿ ಒಂದು ಸರಳ ಕೆಲಸ ಮಾಡಿದರು. ರೋಗಿಗಳ ಮನೆಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದರು. ಊರೆಲ್ಲ ಚೆದುರಿದ ಚುಕ್ಕಿಗಳು, ಏನೂ ಹೊಳೆಯಲಿಲ್ಲ. ಆಮೇಲೆ ಅದೇ ರೋಗಿಗಳು ಕೆಲಸ ಮಾಡುವ ಜಾಗಗಳನ್ನು ಗುರುತು ಹಾಕಿದರು. ಚುಕ್ಕಿಗಳು ಪೇಟೆಯ ನಡುವೆ ಗುಂಪು ಕೂಡಿದವು. ದಿನಸಿ ಅಂಗಡಿ, ಆಹಾರದ ಗೋದಾಮು, ಹೋಟೆಲ್. ಅಂದರೆ ಇಲಿಗಳಿರುವ ಜಾಗಗಳು. ಇದು ಇಲಿಯಿಂದ, ಅದರ ಮೈಮೇಲಿನ ಚಿಗಟದಂಥ ಯಾವುದೋ ಹುಳುವಿನಿಂದ ಬರುತ್ತಿರಬೇಕು ಅಂತ 1926ರಲ್ಲೇ ಅವರು ಬರೆದರು. 1931ರಲ್ಲಿ ಆರ್. ಇ. ಡೈಯರ್ ಮತ್ತು ಜೊತೆಗಾರರು ಬಾಲ್ಟಿಮೋರ್‌ನಲ್ಲಿ ಹಿಡಿದ ಇಲಿಗಳ ಚಿಗಟಗಳಲ್ಲೇ ರೋಗಾಣುವನ್ನು ತೋರಿಸಿದರು. ಎರಡು ನಕ್ಷೆ ಇಟ್ಟುಕೊಂಡು ಮಾಡಿದ ಊಹೆ ನಿಜವಾಯಿತು. ಸಾಂಕ್ರಾಮಿಕ ರೋಗಗಳ ಚರಿತ್ರೆಯಲ್ಲಿ ನನಗೆ ಇಷ್ಟವಾದ ಕೆಲಸಗಳಲ್ಲಿ ಇದೂ ಒಂದು.

1944ರಲ್ಲಿ ಅಮೆರಿಕದಲ್ಲಿ 5,000ಕ್ಕೂ ಜಾಸ್ತಿ ಜನರಿಗೆ ಈ ಜ್ವರ ಬಂದದ್ದು ದಾಖಲಾಯಿತು. ಅದೇ ಹೊತ್ತಿಗೆ ಡಿಡಿಟಿ ಎಂಬ ಕೀಟನಾಶಕ ಸಿಕ್ಕಿತು. 1945ರಿಂದ ಇಲಿಗಳು ಓಡಾಡುವ ದಾರಿಗಳಲ್ಲಿ ಡಿಡಿಟಿ ಪುಡಿ ಉದುರಿಸಿದರು. ಇಲಿ ಅದರ ಮೇಲೆ ಓಡಾಡಿದರೆ ಪುಡಿ ಅದರ ಕೂದಲಿಗೆ ಅಂಟಿ ಚಿಗಟಗಳು ಸಾಯುತ್ತಿದ್ದವು. ಜೊತೆಗೆ ಕಟ್ಟಡಗಳಿಗೆ ಇಲಿ ನುಗ್ಗದ ಹಾಗೆ ಮಾಡಿದರು. 1950ರ ದಶಕದ ನಡುವಿನ ಹೊತ್ತಿಗೆ ವರ್ಷದ ಲೆಕ್ಕ 100ಕ್ಕಿಂತ ಕೆಳಗೆ ಬಂತು.

ರೋಗ ಕಡಿಮೆಯಾದ ಮೇಲೆ ಲೆಕ್ಕ ಇಡುವುದೂ ಕಡಿಮೆಯಾಯಿತು. 1987ರಲ್ಲಿ ಇದನ್ನು ದೇಶಮಟ್ಟದಲ್ಲಿ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಿಂದ ತೆಗೆದರು. ಟೆಕ್ಸಾಸ್, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮ ಪಾಡಿಗೆ ಲೆಕ್ಕ ಇಡುತ್ತಾ ಬಂದವು. ಉಳಿದ ಕಡೆ ಎಷ್ಟಿದೆ ಅನ್ನುವುದೇ ಕಾಣದಂತಾಯಿತು. ಒಂದು ಪೀಳಿಗೆಯ ವೈದ್ಯರು ಇದನ್ನು ಪುಸ್ತಕದಲ್ಲಿ ಮಾತ್ರ ಓದಿ ಬೆಳೆದರು. ರೋಗ ಸತ್ತಿರಲಿಲ್ಲ. ದಕ್ಷಿಣ ಟೆಕ್ಸಾಸ್‌ನಲ್ಲಿ ಅದು ನಿಂತದ್ದೇ ಇಲ್ಲ.

ಆಮೇಲೆ ಒಂದೊಂದಾಗಿ ಸುದ್ದಿ ಬರತೊಡಗಿತು. 2002ರಲ್ಲಿ ಹವಾಯಿಯಲ್ಲಿ 47 ಜನರಿಗೆ ಬಂತು. 2008ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಸುತ್ತ 33 ಜನರಿಗೆ. ಬಹಳ ವರ್ಷಗಳಿಂದ ಕಾಣದೇ ಇದ್ದ ಟೆಕ್ಸಾಸ್‌ನದೇ ಗ್ಯಾಲ್ವಸ್ಟನ್ ಊರಿನಲ್ಲಿ 2013ರಲ್ಲಿ ಮತ್ತೆ ಸಿಕ್ಕಿತು. ಟೆಕ್ಸಾಸ್ ರಾಜ್ಯದಲ್ಲಿ 2003ರಲ್ಲಿ 27 ಇದ್ದ ಲೆಕ್ಕ 2013ರಲ್ಲಿ 222 ಆಯಿತು. ಆ ಹನ್ನೊಂದು ವರ್ಷಗಳ ಒಟ್ಟು ರೋಗಿಗಳಲ್ಲಿ ಸುಮಾರು 60 ಶೇಕಡಾ ಜನ ಆಸ್ಪತ್ರೆ ಸೇರಬೇಕಾಯಿತು. ಲಾಸ್ ಏಂಜಲೀಸ್ ಕೌಂಟಿಯಲ್ಲಿ 2010ರಲ್ಲಿ 31 ಇದ್ದದ್ದು 2022ರಲ್ಲಿ 171ಕ್ಕೆ ಏರಿತು.

ಕಾರಣ ಇದೊಂದೇ ಅಂತ ಬೆರಳು ತೋರಿಸುವಂತಿಲ್ಲ. ಒಪಾಸಮ್‌ನಂಥ ಪ್ರಾಣಿಗಳು ಊರೊಳಗೇ ನೆಲೆ ಕಂಡುಕೊಂಡಿವೆ, ಮಾಲೀಕರಿಲ್ಲದ ಬೆಕ್ಕುಗಳು ಹೆಚ್ಚಿವೆ, ಬೆಚ್ಚಗಿನ ಹವೆ ಚಿಗಟಗಳಿಗೆ ಹಿತ, ಮತ್ತು ವೈದ್ಯರು ಈಗ ಮತ್ತೆ ಹುಡುಕತೊಡಗಿದ್ದಾರೆ. ಇವೆಲ್ಲ ಸೇರಿಕೊಂಡಿವೆ. ಲೆಕ್ಕದಿಂದ ಕೈಬಿಟ್ಟ ರೋಗ ಮರಳಿ ಬಂದಾಗ ಗೊತ್ತಾಗುವುದು ತಡ. ಆ ಪಟ್ಟಿಯಿಂದ ತೆಗೆದದ್ದು ಸರಿಯಾಗಲಿಲ್ಲ ಅಂತಲೇ ನನ್ನ ಅಭಿಪ್ರಾಯ.

ಇದು ಅಮೆರಿಕದ ರೋಗನಾ?

ಅಲ್ಲ. ಬೆಚ್ಚಗಿನ ಸೀಮೆ, ಅದರಲ್ಲೂ ಕರಾವಳಿ ಮತ್ತು ಬಂದರು ಊರುಗಳಲ್ಲಿ ಜಗತ್ತಿನಾದ್ಯಂತ ಇದೆ. ಲಾವೋಸ್, ಥೈಲ್ಯಾಂಡ್, ಇಂಡೊನೇಷ್ಯಾ, ಗ್ರೀಸ್, ಸ್ಪೇನಿನ ಕ್ಯಾನರಿ ದ್ವೀಪಗಳು, ಇಸ್ರೇಲ್, ಹೀಗೆ. ಪ್ರವಾಸ ಮುಗಿಸಿ ಬಂದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಇದನ್ನೂ ನೆನೆಯಬೇಕು.

ಲಕ್ಷಣಗಳೇನು?

ಸೋಂಕು ತಗುಲಿದ ಮೂರು ದಿನದಿಂದ ಹದಿನಾಲ್ಕು ದಿನದ ಒಳಗೆ ಶುರುವಾಗುತ್ತದೆ. ಚಳಿ ಬಿಟ್ಟುಕೊಂಡು ಜೋರು ಜ್ವರ, ತಲೆ ಸಿಡಿಯುವಂಥ ನೋವು, ಮೈಕೈ ನೋವು, ಊಟ ಸೇರದಿರುವುದು, ವಾಕರಿಕೆ, ವಾಂತಿ. ಕೆಲವರಿಗೆ ಒಣಕೆಮ್ಮು, ಕೆಲವರಿಗೆ ಹೊಟ್ಟೆನೋವು. ಮಕ್ಕಳಲ್ಲಿ ಹೊಟ್ಟೆಯ ತೊಂದರೆಯೇ ಮುಂದೆ ನಿಂತು ದಾರಿ ತಪ್ಪಿಸುವುದೂ ಉಂಟು.

ಇಷ್ಟು ಓದಿದರೆ ಯಾವ ಜ್ವರಕ್ಕಾದರೂ ಹೊಂದುತ್ತದೆ ಅನಿಸುತ್ತದೆ, ಅಲ್ವಾ? ತೊಂದರೆ ಇರುವುದೇ ಅಲ್ಲಿ. ಮೊದಲ ಮೂರ್ನಾಲ್ಕು ದಿನ ಇದು ಫ್ಲೂ ಹಾಗೆ, ಡೆಂಗಿ ಹಾಗೆ, ಕೋವಿಡ್ ಹಾಗೆ ಕಾಣುತ್ತದೆ. ಆದರೆ ಸಾಮಾನ್ಯ ವೈರಲ್ ಜ್ವರ ಹೆಚ್ಚಾಗಿ ಕೆಲವು ದಿನಗಳಲ್ಲಿ ಇಳಿಮುಖವಾಗುತ್ತದೆ. ಇದು ಔಷಧ ಕೊಡದಿದ್ದರೆ ಎರಡು ವಾರದವರೆಗೂ ಎಳೆಯುತ್ತದೆ. ಐದನೇ ದಿನವೂ ಜ್ವರ ಇಳಿಯುವ ಸೂಚನೆ ಇಲ್ಲ, ತಲೆನೋವು ಬಿಟ್ಟಿಲ್ಲ ಅಂದರೆ ಸುಮ್ನೆ ಪ್ಯಾರಾಸಿಟಮಾಲ್ ನುಂಗಿಕೊಂಡು ಕೂರಬೇಡಿ.

ದದ್ದು ಬರಲೇಬೇಕಾ?

ಬೇಕಿಲ್ಲ. ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಬರುತ್ತದೆ, ಅದೂ ಹೆಚ್ಚಾಗಿ ಜ್ವರ ಶುರುವಾಗಿ ಐದು ದಿನವಾದ ಮೇಲೆ. ಎದೆ, ಹೊಟ್ಟೆ, ಬೆನ್ನಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಅಂಗೈ ಅಂಗಾಲಿಗೆ ಸಾಮಾನ್ಯವಾಗಿ ಬರುವುದಿಲ್ಲ. ಕಪ್ಪು ಅಥವಾ ಕಂದು ಮೈಬಣ್ಣದವರಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಪುಸ್ತಕಗಳಲ್ಲಿರುವ ಫೋಟೋಗಳು ಹೆಚ್ಚಾಗಿ ಬಿಳಿ ಚರ್ಮದ್ದು. ಹಗಲಿನ ಬೆಳಕಿನಲ್ಲಿ ಅಂಗಿ ತೆಗೆದು ಬೆನ್ನು ನೋಡಿದರೆ ಮಾತ್ರ ಗೊತ್ತಾಗಬಹುದು. ಜ್ವರ, ತಲೆನೋವು, ದದ್ದು ಮೂರೂ ಒಟ್ಟಿಗೆ ಇರುವ ರೋಗಿಗಳು ಕಡಿಮೆಯೇ. ದದ್ದಿಗಾಗಿ ಕಾಯುತ್ತಾ ಕೂತರೆ ಉಳಿದ ಅರ್ಧ ಜನರನ್ನು ಕೈಬಿಟ್ಟ ಹಾಗೆ.

ಚಿಗಟ ಕಚ್ಚಿದ್ದು ನೆನಪೇ ಇಲ್ಲವಲ್ಲ?

ಬಹಳ ಜನರಿಗೆ ನೆನಪಿರುವುದಿಲ್ಲ. ಕಚ್ಚಿದ್ದು ಒಂದು ಎರಡು ವಾರ ಹಿಂದೆ, ಸೊಳ್ಳೆ ಅಂದುಕೊಂಡಿರುತ್ತೀರಿ. ಆದ್ದರಿಂದ "ಚಿಗಟ ಕಚ್ಚಿತ್ತಾ?" ಅನ್ನುವ ಪ್ರಶ್ನೆಗೆ "ಇಲ್ಲ" ಅಂತ ಉತ್ತರ ಬಂದ ಮಾತ್ರಕ್ಕೆ ಅನುಮಾನ ಬಿಡಬಾರದು.

ಹಾಗಾದರೆ ಡಾಕ್ಟರಿಗೆ ಏನು ಹೇಳಬೇಕು?

ಅವರು ಕೇಳದಿದ್ದರೂ ಇವಿಷ್ಟನ್ನು ನೀವಾಗಿ ಹೇಳಿ. ಮನೆಯಲ್ಲಿ ನಾಯಿ ಬೆಕ್ಕು ಇದೆಯಾ, ಅವು ಹೊರಗೆ ಓಡಾಡುತ್ತವೆಯಾ, ಈಚೆಗೆ ಜಾಸ್ತಿ ಮೈ ಕೆರೆದುಕೊಳ್ಳುತ್ತಿವೆಯಾ. ಹಿತ್ತಲಲ್ಲಿ, ಅಟ್ಟದಲ್ಲಿ, ಕೆಲಸದ ಜಾಗದಲ್ಲಿ ಇಲಿ, ಹೆಗ್ಗಣ, ಒಪಾಸಮ್, ಬೀದಿಬೆಕ್ಕು ಕಂಡಿದ್ದೀರಾ. ಕಳೆದ ಎರಡು ವಾರದಲ್ಲಿ ಶೆಡ್ಡು ಗೋದಾಮು ಕ್ಲೀನ್ ಮಾಡಿದ್ದೀರಾ, ಪ್ರವಾಸ ಹೋಗಿದ್ದೀರಾ. ಜ್ವರ ಯಾವ ದಿನ ಶುರುವಾಯಿತು ಅನ್ನುವುದನ್ನು ಬರೆದಿಟ್ಟುಕೊಂಡು ಹೋಗಿ.

ಕೊನೆಗೆ ನೇರವಾಗಿ ಕೇಳಿಬಿಡಿ: "ಇದು ಟೈಫಸ್ ಇರಬಹುದಾ ಡಾಕ್ಟ್ರೇ?" ಇದರಲ್ಲಿ ಸಂಕೋಚ ಬೇಡ. ದಿನಕ್ಕೆ ಹತ್ತಾರು ಜ್ವರ ನೋಡುವವರಿಗೆ ಈ ಒಂದು ಮಾತು ಬೇರೆ ದಿಕ್ಕು ತೋರಿಸಬಹುದು.

ಯಾವ ಪರೀಕ್ಷೆ ಮಾಡುತ್ತಾರೆ? ನನ್ನದು ನೆಗೆಟಿವ್ ಬಂತು.

ಮೊದಲ ವಾರದ ನೆಗೆಟಿವ್ ರಿಪೋರ್ಟನ್ನು ನಂಬಿ ಸಮಾಧಾನ ಮಾಡಿಕೊಳ್ಳುವಂತಿಲ್ಲ.

ಮುಖ್ಯ ಪರೀಕ್ಷೆ ಐಎಫ್‌ಎ ಎಂಬ ರಕ್ತಪರೀಕ್ಷೆ. ಅದು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಆಂಟಿಬಾಡಿಯನ್ನು. ದೇಹ ಅದನ್ನು ತಯಾರಿಸಲು ದಿನ ಹಿಡಿಯುತ್ತದೆ. ಜ್ವರದ ಮೊದಲ ವಾರದಲ್ಲಿ ರಕ್ತ ಕೊಟ್ಟರೆ ರೋಗ ಇದ್ದೂ ಬಹಳಷ್ಟು ಸಲ ನೆಗೆಟಿವ್ ಬರುತ್ತದೆ. ಸರಿಯಾಗಿ ಖಚಿತಪಡಿಸಲು ಎರಡು ಸಲ ರಕ್ತ ಬೇಕು: ಜ್ವರ ಇರುವಾಗ ಒಮ್ಮೆ, ಕನಿಷ್ಠ ಎರಡು ವಾರ ಬಿಟ್ಟು ಇನ್ನೊಮ್ಮೆ. ಆಂಟಿಬಾಡಿ ನಾಲ್ಕು ಪಟ್ಟು ಏರಿದ್ದರೆ ಟೈಫಸ್ ಅಂತ ಖಾತ್ರಿ. ಅಷ್ಟು ಹೊತ್ತಿಗೆ ರೋಗಿ ವಾಸಿಯಾಗಿ ಎದ್ದು ಓಡಾಡುತ್ತಿರುತ್ತಾರೆ, ಇಲ್ಲವೇ ಐಸಿಯುನಲ್ಲಿರುತ್ತಾರೆ. ರಕ್ತದ ಪಿಸಿಆರ್ ಪರೀಕ್ಷೆ ಇದೆ, ಆದರೆ ರಕ್ತದಲ್ಲಿ ಈ ಬ್ಯಾಕ್ಟೀರಿಯಾ ಕಡಿಮೆ ಇರುವುದರಿಂದ ಅದೂ ಎಷ್ಟೋ ಸಲ ತಪ್ಪಿಸುತ್ತದೆ. ವೈಲ್-ಫೆಲಿಕ್ಸ್ ಎಂಬ ಹಳೇ ಅಗ್ಗದ ಪರೀಕ್ಷೆಯೂ ಅಷ್ಟೇ.

ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಮಾತ್ರ ಅದೇ ದಿನ ಕೆಲವು ಸುಳಿವು ಸಿಗುತ್ತವೆ. ಪ್ಲೇಟ್‌ಲೆಟ್ ಕಡಿಮೆ, ಲಿವರ್ ಎಂಜೈಮ್ ಸ್ವಲ್ಪ ಏರಿಕೆ, ಸೋಡಿಯಂ ಇಳಿಕೆ. ಬಿಡದ ಜ್ವರದ ಜೊತೆ ಈ ಮೂರು ಸೇರಿ, ಪಕ್ಕದಲ್ಲಿ ಚಿಗಟದ ಕಥೆಯೂ ಇದ್ದರೆ, ಔಷಧ ಶುರು ಮಾಡಲು ಅಷ್ಟು ಸಾಕು. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆಯೂ ಅದೇ: ಅನುಮಾನ ಬಂದ ಕೂಡಲೇ ಚಿಕಿತ್ಸೆ ಕೊಡಿ, ರಿಪೋರ್ಟಿಗೆ ಕಾಯಬೇಡಿ.

ಔಷಧ ಯಾವುದು?

ಡಾಕ್ಸಿಸೈಕ್ಲಿನ್. ದೊಡ್ಡವರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ದಿನಕ್ಕೆರಡು ಸಲ. ಜ್ವರ ಬಿಟ್ಟು ಕನಿಷ್ಠ ಮೂರು ದಿನ ಆಗುವವರೆಗೆ, ಒಟ್ಟು ಏಳು ದಿನದಷ್ಟು ಕೊಡುತ್ತಾರೆ. ಬೇಗ ಶುರು ಮಾಡಿದರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಡೋಸ್ ಎಷ್ಟು, ಎಷ್ಟು ದಿನ ಅನ್ನುವುದನ್ನು ನಿಮ್ಮ ಡಾಕ್ಟರೇ ನಿರ್ಧರಿಸಲಿ. ಇಲ್ಲಿ ಓದಿ ನೀವೇ ಅಂಗಡಿಯಿಂದ ತಂದು ನುಂಗಬೇಡಿ.

ಜ್ವರಕ್ಕೆ ಅಂತ ಸಾಮಾನ್ಯವಾಗಿ ಬರೆದುಕೊಡುವ ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್ ಇದಕ್ಕೆ ಕೆಲಸ ಮಾಡುವುದಿಲ್ಲ. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಹೊಕ್ಕು ಬದುಕುತ್ತದೆ, ಆ ಔಷಧಗಳು ಅಲ್ಲಿಗೆ ಮುಟ್ಟುವುದಿಲ್ಲ. ಅಜಿತ್ರೋಮೈಸಿನ್ ಸಾಕಾಗಬಹುದೇ ಅಂತ ಲಾವೋಸ್‌ನಲ್ಲಿ ರೋಗಿಗಳಲ್ಲೇ ಹೋಲಿಸಿ ನೋಡಿದರು. ಡಾಕ್ಸಿಸೈಕ್ಲಿನ್‌ಗೆ ಅದು ಸಮವಾಗಲಿಲ್ಲ. ಸಲ್ಫಾ ಔಷಧಗಳಿಂದ ಕಾಯಿಲೆ ಇನ್ನಷ್ಟು ಜೋರಾಗಬಹುದು.

ಮಾತ್ರೆ ನುಂಗುವಾಗ ಒಂದು ಲೋಟ ತುಂಬಾ ನೀರು ಕುಡಿಯಿರಿ, ನುಂಗಿದ ಕೂಡಲೇ ಮಲಗಬೇಡಿ. ಗಂಟಲ ಕೆಳಗೆ ಸಿಕ್ಕಿಕೊಂಡರೆ ಅನ್ನನಾಳ ಸುಟ್ಟ ಹಾಗೆ ಉರಿಯುತ್ತದೆ. ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್ ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಂಡರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ, ನಡುವೆ ಕೆಲವು ಗಂಟೆ ಬಿಡಿ. ಬಿಸಿಲಿಗೆ ಚರ್ಮ ಬೇಗ ಕಂದಬಹುದು.

ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಹಲ್ಲು ಹಳದಿಯಾಗುತ್ತಂತೆ?

ಈ ಹೆದರಿಕೆ ಹಳೇ ಟೆಟ್ರಾಸೈಕ್ಲಿನ್ ಔಷಧಗಳ ಕಾಲದಿಂದ ಬಂದದ್ದು. ಡಾಕ್ಸಿಸೈಕ್ಲಿನ್ ಅದೇ ಕುಟುಂಬದ್ದಾದರೂ, ಕೆಲವು ದಿನದ ಕೋರ್ಸಿನಿಂದ ಮಕ್ಕಳ ಹಲ್ಲಿಗೆ ಕಲೆ ಬಿದ್ದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 21 ದಿನದವರೆಗಿನ ಕೋರ್ಸನ್ನು ಯಾವ ವಯಸ್ಸಿನ ಮಕ್ಕಳಿಗೂ ಕೊಡಬಹುದು ಅನ್ನುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಟೆಕ್ಸಾಸ್‌ನ ಆ 2003ರಿಂದ 2013ರ ಲೆಕ್ಕದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಜಾಸ್ತಿ ಕಾಯಿಲೆ ಬಿದ್ದದ್ದು 5ರಿಂದ 19 ವರ್ಷದವರು. ಹಲ್ಲಿನ ಬಣ್ಣಕ್ಕೆ ಹೆದರಿ ಮಗುವಿಗೆ ಬೇಕಾದ ಔಷಧ ತಡ ಮಾಡಬಾರದು.

ಬಸುರಿಯರ ವಿಷಯ ಬೇರೆ. ಅಲ್ಲಿ ತಾಯಿಗೂ ಮಗುವಿಗೂ ಏನು ಒಳ್ಳೆಯದು ಅಂತ ತಜ್ಞರು ಕೂತು ತೂಗಿ ನೋಡಬೇಕು.

ಪ್ರಾಣಕ್ಕೆ ಅಪಾಯವಿದೆಯಾ?

ಸರಿಯಾದ ಔಷಧ ಸಿಕ್ಕರೆ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನ ಸಾಯುತ್ತಾರೆ. ಬಹಳ ಜನ ಔಷಧವಿಲ್ಲದೆಯೂ ಗುಣವಾಗುತ್ತಾರೆ. ಆದರೂ ಇದನ್ನು ಹಗುರವಾಗಿ ನೋಡಬೇಡಿ. ಈ ಬ್ಯಾಕ್ಟೀರಿಯಾ ಹೊಕ್ಕುವುದು ರಕ್ತನಾಳಗಳ ಒಳಪದರದ ಕೋಶಗಳಿಗೆ. ರಕ್ತನಾಳ ಇಲ್ಲದ ಅಂಗ ಇಲ್ಲ. ಒಳಪದರ ಹಾಳಾಗಿ ಸೋರತೊಡಗಿದರೆ ಶ್ವಾಸಕೋಶ, ಮೂತ್ರಪಿಂಡ, ಲಿವರ್, ಮಿದುಳು ಎಲ್ಲಿ ಬೇಕಾದರೂ ಪೆಟ್ಟು ಬೀಳಬಹುದು.

2022ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಮೂವರು ಇದರಿಂದ ಸತ್ತರು. 1993ರ ನಂತರ ಅಲ್ಲಿ ಅಂಥ ಸಾವು ಅವೇ ಮೊದಲು. ವಯಸ್ಸಾದವರು, ಮೊದಲೇ ಬೇರೆ ಕಾಯಿಲೆ ಇರುವವರು, ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಎಂಬ ಎಂಜೈಮಿನ ಕೊರತೆ ಇರುವವರು, ಚಿಕಿತ್ಸೆ ತಡವಾದವರು ಹೆಚ್ಚು ಎಚ್ಚರದಿಂದಿರಬೇಕು. ಉಸಿರಾಟ ಕಷ್ಟವಾದರೆ, ಮಾತು ತೊದಲಿದರೆ, ಗೊಂದಲವಾದರೆ, ಫಿಟ್ಸ್ ಬಂದರೆ, ಮೂತ್ರ ತೀರಾ ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಬ್ಬರಿಂದ ಒಬ್ಬರಿಗೆ ಅಂಟುತ್ತಾ? ಲಸಿಕೆ ಇದೆಯಾ?

ಅಂಟುವುದಿಲ್ಲ. ರೋಗಿಯನ್ನು ಮುಟ್ಟಿದರೆ, ಪಕ್ಕದಲ್ಲಿ ಮಲಗಿದರೆ, ತಟ್ಟೆ ಲೋಟ ಹಂಚಿಕೊಂಡರೆ ಬರುವುದಿಲ್ಲ. ಲಸಿಕೆ ಇಲ್ಲ.

ಪ್ಲೇಗ್ ಕೂಡ ಚಿಗಟದಿಂದಲೇ ಅಲ್ವಾ? ಇದು ಅದೇನಾ?

ಅದಲ್ಲ. ಪ್ಲೇಗಿನ ಬ್ಯಾಕ್ಟೀರಿಯಾ ಬೇರೆ, ಅದರ ಹೆಸರು ಯೆರ್ಸಿನಿಯಾ ಪೆಸ್ಟಿಸ್. ಅದರಲ್ಲಿ ತೊಡೆಸಂದು, ಕಂಕುಳಲ್ಲಿ ನೋವಿನ ಗಡ್ಡೆ ಏಳುತ್ತದೆ, ಮತ್ತು ಅದು ಇದಕ್ಕಿಂತ ಎಷ್ಟೋ ಪಾಲು ಘೋರ. ಚಿಗಟ ಅನ್ನುವುದೊಂದು ಬಿಟ್ಟರೆ ಎರಡಕ್ಕೂ ನಂಟಿಲ್ಲ.

ನಮ್ಮ ನಾಯಿಗೆ ಚಿಗಟ ಇದೆಯಾ ಅಂತ ಹೇಗೆ ತಿಳಿಯುವುದು?

ಚಿಗಟ ಕೈಗೆ ಸಿಗುವುದು ಕಷ್ಟ, ಅದರ ಹಿಕ್ಕೆ ಸಿಗುತ್ತದೆ. ಒಂದು ಬಿಳಿ ಕಾಗದ ಹಾಸಿ, ನಾಯಿಯನ್ನು ಅದರ ಮೇಲೆ ನಿಲ್ಲಿಸಿ. ಹೇನು ಬಾಚಣಿಗೆಯಂಥ ಒತ್ತು ಹಲ್ಲಿನ ಬಾಚಣಿಗೆಯಿಂದ ಸೊಂಟದ ಹತ್ತಿರ, ಬಾಲದ ಬುಡದಲ್ಲಿ ಬಾಚಿ. ಕಾಗದದ ಮೇಲೆ ಕರಿಮೆಣಸಿನ ಪುಡಿಯಂಥ ಕಣಗಳು ಬಿದ್ದರೆ ಅವುಗಳ ಮೇಲೆ ಎರಡು ಹನಿ ನೀರು ಹಾಕಿ ಒಂದು ನಿಮಿಷ ನೋಡಿ. ಮಣ್ಣಾಗಿದ್ದರೆ ಹಾಗೇ ಇರುತ್ತದೆ. ಚಿಗಟದ ಹಿಕ್ಕೆಯಾಗಿದ್ದರೆ ಅಂಚಿನಿಂದ ಕಂದುಗೆಂಪು ಬಣ್ಣ ಹರಡುತ್ತದೆ, ಅದು ಜೀರ್ಣವಾದ ರಕ್ತ. ಇದನ್ನು ಮಾಡುವಾಗ ಗ್ಲೌಸ್ ಹಾಕಿಕೊಳ್ಳಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಕಾಗದವನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ.

ನಾಯಿ ಬೆಕ್ಕುಗಳಿಗೆ ಸಾಮಾನ್ಯವಾಗಿ ಈ ಸೋಂಕಿನಿಂದ ಕಾಯಿಲೆ ಬರುವುದಿಲ್ಲ, ಹಾಗಾಗಿ ಅವು ಚುರುಕಾಗಿವೆ ಅಂದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ಪಶುವೈದ್ಯರನ್ನು ಕೇಳಿ ಚಿಗಟದ ಔಷಧವನ್ನು ಅವರು ಹೇಳಿದಷ್ಟು ಕಾಲ ತಪ್ಪದೆ ಕೊಡಿ. ಒಂದು ಎಚ್ಚರಿಕೆ: ನಾಯಿಗೆಂದು ತಂದ ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಾಕಬೇಡಿ. ಬೆಕ್ಕು ಸತ್ತೇ ಹೋಗಬಹುದು.

ಎಷ್ಟು ಔಷಧ ಹೊಡೆದರೂ ಚಿಗಟ ಮತ್ತೆ ಮತ್ತೆ ಬರುತ್ತಿವೆ. ಏನು ಮಾಡಲಿ?

ಪ್ರಾಣಿಯ ಮೈಮೇಲೆ ಕಾಣುವ ಚಿಗಟ ಸಣ್ಣ ಪಾಲು. ಮೊಟ್ಟೆಗಳು ಮೈಯಿಂದ ಜಾರಿ ನೆಲಕ್ಕೆ, ಕಾರ್ಪೆಟ್ಟಿಗೆ, ಹಾಸಿಗೆಗೆ ಬೀಳುತ್ತವೆ. ಅಲ್ಲಿ ಮರಿಹುಳುಗಳಾಗಿ, ಆಮೇಲೆ ಸುತ್ತಲೂ ಗೂಡು ಕಟ್ಟಿಕೊಂಡು ಒಳಗೆ ಕೂರುತ್ತವೆ. ಆ ಗೂಡಿನೊಳಕ್ಕೆ ಕೀಟನಾಶಕ ಅಷ್ಟಾಗಿ ಇಳಿಯುವುದಿಲ್ಲ. ಕೆಲವು ತಿಂಗಳು ಹಾಗೇ ಕಾಯಬಲ್ಲವು. ಹತ್ತಿರದಲ್ಲಿ ಹೆಜ್ಜೆಯ ಅದುರು, ಮೈಶಾಖ, ಉಸಿರು ತಾಗಿದರೆ ಹೊರಗೆ ಹಾರುತ್ತವೆ. ಬಹಳ ದಿನ ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೇ ಚಿಗಟ ಮುತ್ತುವುದು ಇದರಿಂದಲೇ.

ಆದ್ದರಿಂದ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪ್ರಾಣಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಸಂದಿಗೊಂದಿ, ಸೋಫಾದ ಅಡಿ ಎಲ್ಲ ವ್ಯಾಕ್ಯೂಮ್ ಮಾಡಿ, ಕಸವನ್ನು ಕಟ್ಟಿ ಹೊರಗೆ ಹಾಕಿ. ಪ್ರಾಣಿಗೂ ಮನೆಗೂ ಒಟ್ಟಿಗೆ ಚಿಕಿತ್ಸೆ ನಡೆಯಲಿ. ಕೆಲವು ವಾರ ಬಿಡದೆ ಮಾಡಿದರೆ ಗೂಡಿನಿಂದ ಹೊಸದಾಗಿ ಹೊರಬಂದವೂ ಸಾಯುತ್ತವೆ.

ಮೊದಲು ಇಲಿ ಕೊಲ್ಲಬೇಕಾ, ಚಿಗಟ ಕೊಲ್ಲಬೇಕಾ?

ಚಿಗಟ ಮೊದಲು. ಇದರಲ್ಲಿ ಎಡವುವವರು ಬಹಳ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಅದರ ಚಿಗಟಗಳು ಅಲ್ಲಿಂದ ಎದ್ದು ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತವೆ. ಆ ಮೈ ನಿಮ್ಮದೂ ಆಗಬಹುದು. ಮೊದಲು ವಿಷ ಇಟ್ಟು ಒಂದೇ ಸಲ ಇಲಿಗಳನ್ನು ಕೊಂದರೆ ರೋಗ ಹೆಚ್ಚುವ ಸಂಭವವಿದೆ. ಮೊದಲು ಇಲಿ ಓಡಾಡುವ ಕಡೆ ಚಿಗಟಕ್ಕೆ ಔಷಧ, ಆಮೇಲೆ ಬೋನು, ಜೊತೆಗೆ ಬಿಲ, ಕಿಂಡಿ ಮುಚ್ಚುವುದು. 1945ರಲ್ಲಿ ಡಿಡಿಟಿ ಪುಡಿ ಗೆದ್ದದ್ದೂ ಚಿಗಟವನ್ನು ಗುರಿ ಮಾಡಿದ್ದಕ್ಕೇ. ಡಿಡಿಟಿಯನ್ನು ಈಗ ಹೀಗೆ ಬಳಸುವುದಿಲ್ಲ, ಬೇರೆ ಔಷಧಗಳಿವೆ, ಕೀಟನಿಯಂತ್ರಣದವರನ್ನು ಕೇಳಿ.

ಸತ್ತ ಇಲಿ ಅಥವಾ ಒಪಾಸಮ್ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ಗ್ಲೌಸ್, ಉದ್ದ ತೋಳಿನ ಅಂಗಿ, ಮೈಗೆ ಕೀಟ ದೂರವಿಡುವ ಔಷಧ. ಗೂಡು, ಹಿಕ್ಕೆ ಇರುವ ಜಾಗವನ್ನು ಮೊದಲು ಸೋಂಕುನಾಶಕದಿಂದ ಒದ್ದೆ ಮಾಡಿ, ಆಮೇಲೆ ಒರೆಸಿ ತೆಗೆಯಿರಿ.

ಬೀದಿಬೆಕ್ಕುಗಳಿಗೆ ಊಟ ಹಾಕುತ್ತೇನೆ. ನಿಲ್ಲಿಸಬೇಕಾ?

ಪ್ರೀತಿಯಿಂದ ಮಾಡುವ ಕೆಲಸವನ್ನು ತಪ್ಪು ಅನ್ನಲು ಮನಸ್ಸು ಬರುವುದಿಲ್ಲ. ಆದರೆ ರಾತ್ರಿಯಿಡೀ ಹೊರಗೆ ಬಿಟ್ಟ ಊಟ ಬೆಕ್ಕಿಗಷ್ಟೇ ಸೇರುವುದಿಲ್ಲ. ಇಲಿ, ಒಪಾಸಮ್ ಎಲ್ಲ ಅದೇ ತಟ್ಟೆಗೆ ಬರುತ್ತವೆ, ಚಿಗಟಗಳು ಅಲ್ಲೇ ಒಂದರಿಂದ ಒಂದಕ್ಕೆ ಹಾರುತ್ತವೆ. ಹೊರಗೆ ಊಟ ಇಡುವುದನ್ನು ಬಿಡಿ ಅಂತಲೇ ಆರೋಗ್ಯ ಇಲಾಖೆಗಳು ಹೇಳುತ್ತವೆ. ಸಾಧ್ಯವಿದ್ದರೆ ಆ ಬೆಕ್ಕುಗಳನ್ನು ಹಿಡಿಸಿ ಚಿಗಟದ ಔಷಧ, ಸಂತಾನಹರಣ ಚಿಕಿತ್ಸೆ ಮಾಡಿಸಿ, ಮನೆ ಹುಡುಕಿ ಕೊಡುವುದು ಅವುಗಳಿಗೂ ಹೆಚ್ಚಿನ ಉಪಕಾರ.

ಮನೆಯಲ್ಲಿ ಒಬ್ಬರಿಗೆ ಟೈಫಸ್ ಅಂತ ಗೊತ್ತಾಗಿದೆ. ಉಳಿದವರು ಏನು ಮಾಡಬೇಕು?

ರೋಗಿಯಿಂದ ನಿಮಗೆ ಬರುವುದಿಲ್ಲ, ಆದರೆ ಅವರನ್ನು ಕಚ್ಚಿದ ಚಿಗಟಗಳು ಇದ್ದದ್ದು ನಿಮ್ಮ ಮನೆಯಲ್ಲೇ ಇರಬಹುದು. ಮುಂದಿನ ಎರಡು ವಾರ ಮನೆಯ ಎಲ್ಲರ ಮೇಲೂ ಕಣ್ಣಿಡಿ. ಯಾರಿಗಾದರೂ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, "ಮನೆಯಲ್ಲಿ ಈಗಾಗಲೇ ಒಬ್ಬರಿಗೆ ಟೈಫಸ್ ಆಗಿದೆ" ಅಂತ ಮೊದಲ ಮಾತಿನಲ್ಲೇ ಹೇಳಿ. ಜ್ವರ ಇಲ್ಲದವರು ಮುನ್ನೆಚ್ಚರಿಕೆಗೆ ಅಂತ 'ಡಾಕ್ಸಿ' ನುಂಗುವ ಅಗತ್ಯವಿಲ್ಲ. ನಾಯಿ ಬೆಕ್ಕುಗಳಿಗೆ ಅವತ್ತೇ ಚಿಗಟದ ಔಷಧ ಹಾಕಿಸಿ, ಹಾಸಿಗೆ ಬಟ್ಟೆ ಒಗೆಯಿರಿ, ಸ್ಥಳೀಯ ಆರೋಗ್ಯ ಇಲಾಖೆಗೆ ತಿಳಿಸಿ. ಎಷ್ಟೋ ಕಡೆ ಅವರು ಬಂದು ಹಿತ್ತಲು ನೋಡಿ, ಪ್ರಾಣಿಗಳು ಎಲ್ಲಿಂದ ಬರುತ್ತಿವೆ ಅಂತ ಹುಡುಕಿಕೊಡುತ್ತಾರೆ. ಎರಡನೇ ರಕ್ತಪರೀಕ್ಷೆಗೆ ಕರೆದರೆ ರೋಗಿ ಹುಷಾರಾಗಿದ್ದರೂ ಕರೆದುಕೊಂಡು ಹೋಗಿ. ಆ ರಿಪೋರ್ಟ್ ಬಂದರೆ ಮಾತ್ರ ಅವರ ಕಾಯಿಲೆ ಖಚಿತವಾಗಿ ಲೆಕ್ಕಕ್ಕೆ ಸೇರುತ್ತದೆ, ಆ ಬೀದಿಯ ಮುಂದಿನ ರೋಗಿಯನ್ನು ನೋಡುವ ಡಾಕ್ಟರಿಗೆ ಅನುಮಾನ ಬೇಗ ಬರುತ್ತದೆ.